ಅಮೆರಿಕದಲ್ಲಿರುವ ದಂಪತಿಗೆ ಡೈವೋರ್ಸ್: ಅಲ್ಲಿನ ಕೋರ್ಟೋ, ಭಾರತದ ಕೋರ್ಟೋ?

ಮದುವೆ ಆದದ್ದು ಭಾರತದಲ್ಲಿ, ಹಿಂದೂ ವಿವಾಹ ಕಾಯ್ದೆಯಡಿ. ಸಂಸಾರ ನಡೆದದ್ದು ಅಮೆರಿಕದಲ್ಲಿ. ಒಬ್ಬರದು ಕೆಲಸಕ್ಕೆ ಕೊಡುವ ಎಚ್-1ಬಿ ವೀಸಾ, ಇನ್ನೊಬ್ಬರದು ಅದನ್ನೇ ನೆಚ್ಚಿಕೊಂಡ, ಸಂಗಾತಿಗೆ ಕೊಡುವ ಎಚ್-4. ಮಗು ಹುಟ್ಟಿದ್ದು ಅಲ್ಲೇ, ಅದರ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್. ಇಂಥ ಮನೆ ಮುರಿದಾಗ ಕೇಸು ಎಲ್ಲಿ ಹಾಕುವುದು ಎಂಬುದನ್ನು ಬಹಳಷ್ಟು ಮಂದಿ ವಕೀಲರ ಫೀಸು ನೋಡಿ ತೀರ್ಮಾನಿಸಿಬಿಡುತ್ತಾರೆ. ಅದಕ್ಕಿಂತ ಮುಂಚೆ ನೋಡಬೇಕಾದ ಸಂಗತಿಗಳು ಮೂರಿವೆ: ಮಗು ಕಳೆದ ಆರು ತಿಂಗಳು ಯಾವ ದೇಶದಲ್ಲಿತ್ತು, ಹಣ ಮತ್ತು ಆಸ್ತಿ ಎಲ್ಲಿದೆ, ಡಿಕ್ರಿ (ಕೋರ್ಟಿನ ಡೈವೋರ್ಸ್ ತೀರ್ಪು) ಆದ ದಿನ ಯಾರ ವೀಸಾ ಏನಾಗುತ್ತದೆ. ಫೀಸಿನ ಮಾತು ಆಮೇಲೆ.

ಇಲ್ಲಿರುವುದು ಅಮೆರಿಕ ಮತ್ತು ಭಾರತ, ಈ ಎರಡು ದೇಶಗಳ ನಡುವಿನ ಲೆಕ್ಕ ಮಾತ್ರ. ಕ್ರೈಸ್ತ, ಮುಸ್ಲಿಂ ದಂಪತಿಗಳಿಗೂ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ ಭಾರತದ ಭಾಗದ ಕಾನೂನು ಬೇರೆ. ವೀಸಾ ಮತ್ತು ಮಗುವಿನ ಭಾಗ ಎಲ್ಲರಿಗೂ ಒಂದೇ.

ಅಮೆರಿಕದಲ್ಲಿ ಹಾಕುವುದಾದರೆ

ಡೈವೋರ್ಸ್ ಅಲ್ಲಿ ರಾಜ್ಯಗಳ ವಿಷಯ, ಕೇಂದ್ರದ್ದಲ್ಲ. ಗ್ರೀನ್ ಕಾರ್ಡ್ ಇರಲೇಬೇಕೆಂಬ ನಿಯಮ ಇಲ್ಲ. ಆ ರಾಜ್ಯದಲ್ಲಿ ಇಂತಿಷ್ಟು ಕಾಲ ವಾಸವಿದ್ದರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದಲ್ಲಿ ಆರು ತಿಂಗಳು, ಕೌಂಟಿಯಲ್ಲಿ, ಅಂದರೆ ಜಿಲ್ಲೆಯಂಥ ವಿಭಾಗದಲ್ಲಿ, ಮೂರು ತಿಂಗಳು. ಟೆಕ್ಸಾಸ್‌ನಲ್ಲಿ ರಾಜ್ಯದಲ್ಲಿ ಆರು ತಿಂಗಳು, ಕೌಂಟಿಯಲ್ಲಿ 90 ದಿನ. ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಒಂದು ವರ್ಷ. ವಾಷಿಂಗ್ಟನ್ ರಾಜ್ಯದಲ್ಲಿ ಅಲ್ಲಿನ ನಿವಾಸಿಯಾಗಿದ್ದರೆ ಮುಗಿಯಿತು, ಇಷ್ಟೇ ತಿಂಗಳು ಎಂಬ ಲೆಕ್ಕವಿಲ್ಲ. ಕೇಸು ಹಾಕಿದ ಮೇಲೂ ಕಾಯಬೇಕು: ಕ್ಯಾಲಿಫೋರ್ನಿಯಾದಲ್ಲಿ ಎದುರಿನವರಿಗೆ ಸಮನ್ಸ್ ತಲುಪಿದ ದಿನದಿಂದ ಕನಿಷ್ಠ ಆರು ತಿಂಗಳು, ವಾಷಿಂಗ್ಟನ್‌ನಲ್ಲಿ 90 ದಿನ, ಟೆಕ್ಸಾಸ್‌ನಲ್ಲಿ 60 ದಿನ. ಇದು ಕನಿಷ್ಠದ ಮಾತು. ಜಗಳ ಬಿದ್ದರೆ ವರ್ಷ ದಾಟುತ್ತದೆ.

ಯಾರದು ತಪ್ಪು ಎಂದು ಅಲ್ಲಿ ಸಾಬೀತು ಮಾಡಬೇಕಾಗಿಲ್ಲ. ಹೊಂದಾಣಿಕೆ ಸಾಧ್ಯವಿಲ್ಲ ಎಂದು ಒಬ್ಬರು ಹೇಳಿದರೆ ಹೆಚ್ಚಿನ ರಾಜ್ಯಗಳಲ್ಲಿ ಡೈವೋರ್ಸ್ ಸಿಗುತ್ತದೆ. ಅಲ್ಲೆಲ್ಲ ಇನ್ನೊಬ್ಬರು ಬೇಡವೆಂದು ಹಟ ಹಿಡಿದರೂ ತಡೆಯಲಾಗದು. ಅಮೆರಿಕದ ದಾರಿಯ ದೊಡ್ಡ ಅನುಕೂಲ ಇದೇ. ಭಾರತಕ್ಕೆ ಬಂದ ಮೇಲೆ ಅದರ ದೊಡ್ಡ ತೊಡಕೂ ಇದೇ.

ಒಬ್ಬರೇ ತಂದ ಡಿಕ್ರಿ ಭಾರತದಲ್ಲಿ ಯಾಕೆ ನಿಲ್ಲುವುದಿಲ್ಲ

ವಿದೇಶಿ ತೀರ್ಪನ್ನು ಯಾವಾಗ ಒಪ್ಪಬಾರದು ಎಂಬುದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಸೆಕ್ಷನ್ ಹೇಳುತ್ತದೆ. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮದುವೆಯ ವ್ಯಾಜ್ಯಗಳಿಗೆ ಅನ್ವಯಿಸಿ ಒಂದು ಸೂತ್ರ ಹಾಕಿಕೊಟ್ಟಿತು. ಯಾವ ಕಾನೂನಿನಡಿ ಮದುವೆ ಆಯಿತೋ ಆ ಕಾನೂನು ಒಪ್ಪುವ ಕೋರ್ಟು ಮತ್ತು ಆ ಕಾನೂನು ಒಪ್ಪುವ ಕಾರಣ, ಎರಡೂ ಇರಬೇಕು. ಹೊಂದಾಣಿಕೆ ಇಲ್ಲ ಎಂಬುದು, ದಾಂಪತ್ಯ ಸರಿಪಡಿಸಲಾಗದಷ್ಟು ಮುರಿದಿದೆ ಎಂಬುದು ಹಿಂದೂ ವಿವಾಹ ಕಾಯ್ದೆಯಲ್ಲಿ ಇಂದಿಗೂ ಕಾರಣವಲ್ಲ. ಆ ಆಧಾರದ ಮೇಲೆ ಮದುವೆ ಮುರಿಯುವ ಅಧಿಕಾರ ತನಗೆ ಸಂವಿಧಾನದ 142ನೇ ವಿಧಿಯಲ್ಲಿದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದರೆ ಆ ಅಧಿಕಾರ ಅದೊಂದು ಕೋರ್ಟಿನದು, ಕೌಟುಂಬಿಕ ನ್ಯಾಯಾಲಯಕ್ಕಿಲ್ಲ.

1991ರ ತೀರ್ಪಿನಲ್ಲೇ ಪಾರಾಗುವ ದಾರಿಗಳೂ ಇವೆ. ಎದುರಿನವರು ತಾವಾಗಿ ಆ ಕೋರ್ಟಿಗೆ ಒಳಪಟ್ಟು, ಮದುವೆಯ ಕಾನೂನು ಒಪ್ಪುವ ಕಾರಣದ ಮೇಲೆ ನಿಜವಾಗಿ ವಾದ ಮಾಡಿರಬೇಕು. ಇಲ್ಲವೇ ಡೈವೋರ್ಸ್ ಕೊಡಲು ತಮ್ಮ ಒಪ್ಪಿಗೆ ಇದೆ ಎಂದಿರಬೇಕು. ಎರಡನೆಯದು ಹೆಚ್ಚು ಗಟ್ಟಿ. ಹೆಂಡತಿ ಭಾರತದಲ್ಲಿದ್ದಾಗ, ಅವಳು ಹಾಜರಾಗದೆ, ಗಂಡನೊಬ್ಬನೇ ತಂದ ಎಕ್ಸ್‌ಪಾರ್ಟಿ ಡಿಕ್ರಿ ಎಲ್ಲಕ್ಕಿಂತ ಟೊಳ್ಳು. ಅದನ್ನು ನಂಬಿ ಊರಿಗೆ ಬಂದು ಮರುಮದುವೆಯಾದರೆ ಆ ಮದುವೆ ಅನೂರ್ಜಿತ ಆಗಬಹುದು, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 82ರಡಿ ದ್ವಿಪತ್ನಿತ್ವದ ಕೇಸು.

ಆದ್ದರಿಂದ ಅಮೆರಿಕದಲ್ಲೇ ಮುಗಿಸುವುದಾದರೆ ಡಿಕ್ರಿಯ ಮೈಯಲ್ಲಿ ಏನು ಬರೆದಿದೆ ಎಂಬುದನ್ನು ಸಹಿಗೆ ಮುಂಚೆ ಓದಿ. ಇಬ್ಬರೂ ಈ ಕೋರ್ಟಿನ ಅಧಿಕಾರವ್ಯಾಪ್ತಿಗೆ ಸ್ವಇಚ್ಛೆಯಿಂದ ಒಳಪಟ್ಟಿದ್ದಾರೆ, ಇಬ್ಬರೂ ಸ್ವತಃ ಅಥವಾ ವಕೀಲರ ಮೂಲಕ ಹಾಜರಾಗಿದ್ದಾರೆ, ವಿವಾಹ ವಿಸರ್ಜನೆಗೆ ಇಬ್ಬರ ಒಪ್ಪಿಗೆಯೂ ಇದೆ, ಇಂತಿಂಥ ದಿನದಿಂದ ಬೇರೆಯಾಗಿ ವಾಸಿಸುತ್ತಿದ್ದಾರೆ — ಈ ನಾಲ್ಕು ಸಾಲು ಅಲ್ಲಿರಬೇಕು. ಅಲ್ಲಿನ ವಕೀಲರಿಗೆ ಇವು ಬೇಡದ ಮಾತು ಅನ್ನಿಸಬಹುದು, ಅವರ ಸಿದ್ಧ ಫಾರ್ಮಿನಲ್ಲಿ ಇರುವುದೂ ಇಲ್ಲ. ಕೇಳಿ ಹಾಕಿಸಬೇಕು.

ಸಮನ್ಸ್ ತಲುಪಿಸಿದ ಬಗೆಯಲ್ಲೂ ಡಿಕ್ರಿಗಳು ಬಿದ್ದುಹೋಗುತ್ತವೆ. ಭಾರತ ಹೇಗ್ ಸರ್ವಿಸ್ ಒಪ್ಪಂದಕ್ಕೆ ಸೇರಿದ ದೇಶ, ಆದರೆ ಅಂಚೆಯಲ್ಲಿ ಕಳಿಸುವುದಕ್ಕೆ ಆಕ್ಷೇಪಣೆ ದಾಖಲಿಸಿ ಸೇರಿದೆ. ಹೀಗಾಗಿ ಅಮೆರಿಕದಿಂದ ಕೊರಿಯರ್‌ನಲ್ಲಿ, ಇಮೇಲ್‌ನಲ್ಲಿ, ವಾಟ್ಸಾಪ್‌ನಲ್ಲಿ ಕಳಿಸಿದ ನೋಟಿಸಿಗೆ ಬೆಲೆ ಇಲ್ಲ. ದೆಹಲಿಯ ಕಾನೂನು ಸಚಿವಾಲಯದ ಮೂಲಕವೇ ಬರಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎದುರಿನವರು ಒಪ್ಪಿದ್ದರೆ ಸಮನ್ಸ್ ಸ್ವೀಕರಿಸಿದ್ದೇನೆ ಎಂದು ಅವರಿಂದಲೇ ಸಹಿ ಹಾಕಿಸಿ ಕೋರ್ಟಿಗೆ ಕೊಡುವುದು ಸುಲಭದ ದಾರಿ. ಅವರು ಅಮೆರಿಕದಲ್ಲಿರುವಾಗಲೇ ಕೈಗೆ ಕೊಡಿಸಿದರೆ ಈ ತಕರಾರೇ ಏಳುವುದಿಲ್ಲ.

ಭಾರತದಲ್ಲಿ ಹಾಕುವುದಾದರೆ

ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ, ಅಂದರೆ ಪರಸ್ಪರ ಒಪ್ಪಿಗೆಯ ಅರ್ಜಿ. ಅರ್ಜಿಗೆ ಮುಂಚೆ ಒಂದು ವರ್ಷ ಬೇರೆ ಇರಬೇಕು. ಒಂದೇ ಸೂರಿನಡಿ ಇದ್ದೂ ಗಂಡ-ಹೆಂಡತಿಯಂತೆ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ. ಮೊದಲ ಹೇಳಿಕೆ ಆಗಿ ಆರು ತಿಂಗಳ ನಂತರ, 18 ತಿಂಗಳೊಳಗೆ ಎರಡನೆಯದು. ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, ಆದರೆ ಷರತ್ತುಗಳಿವೆ: ಮೊದಲ ಅರ್ಜಿಯ ಹೊತ್ತಿಗೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ಮುಗಿದಿರಬೇಕು, ಜೀವನಾಂಶ ಮತ್ತು ಮಗುವಿನ ವಿಷಯ ಇತ್ಯರ್ಥ ಆಗಿರಬೇಕು. ಮನ್ನಾ ಮಾಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಎರಡನೇ ಹೇಳಿಕೆಗೆ ಮುಂಚೆ ಯಾರಾದರೂ ಒಪ್ಪಿಗೆ ಹಿಂದೆಗೆದುಕೊಂಡರೆ ಅರ್ಜಿ ಅಲ್ಲಿಗೇ ನಿಂತಿತು. ಹಾಗಾಗಿ ಇಡೀ ಹಣವನ್ನು ಮೊದಲ ದಿನವೇ ಕೊಟ್ಟುಬಿಡುವುದು ಜಾಣತನವಲ್ಲ. ಅರ್ಧ ಮೊದಲ ಹೇಳಿಕೆಗೆ, ಅರ್ಧ ಕೊನೆಯದಕ್ಕೆ ಎಂದು ಡಿಡಿ ಮಾಡಿಸುವುದು ರೂಢಿ.

ಪ್ರತಿ ದಿನಾಂಕಕ್ಕೂ ವಿಮಾನ ಹತ್ತಬೇಕಾಗಿಲ್ಲ. ವಿಡಿಯೊ ಕಾನ್ಫರೆನ್ಸ್‌ಗೆ ಅರ್ಜಿ ಹಾಕಬಹುದು, ಅಪ್ಪ-ಅಮ್ಮನಿಗೋ ಅಣ್ಣನಿಗೋ ಜಿಪಿಎ (ನಿಮ್ಮ ಪರವಾಗಿ ನಡೆಯುವ ಅಧಿಕಾರಪತ್ರ) ಕೊಡಬಹುದು. ಜಿಪಿಎಯನ್ನು ಅಮೆರಿಕದಲ್ಲಿ ನೋಟರಿ ಮುಂದೆ ಸಹಿ ಮಾಡಿ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವ ದೃಢೀಕರಣ, ಮಾಡಿಸಬೇಕು, ಇಲ್ಲವೇ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಬೇಕು. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದು ಹಲವರಿಗೆ ಮರೆತೇ ಹೋಗುತ್ತದೆ, ಎದುರು ವಕೀಲರಿಗೆ ಮರೆಯುವುದಿಲ್ಲ.

ಒಪ್ಪಿಗೆ ಇಲ್ಲದಿದ್ದರೆ ಅದೇ ಕಾಯ್ದೆಯ ಸೆಕ್ಷನ್ 13ರಡಿ ಕ್ರೌರ್ಯ, ಪರಿತ್ಯಾಗ, ವ್ಯಭಿಚಾರ ಮುಂತಾದ ಕಾರಣವನ್ನು ಸಾಕ್ಷಿಯೊಂದಿಗೆ ಸಾಬೀತು ಮಾಡಬೇಕು. ಇದು ವರ್ಷಗಳ ದಾರಿ. ಹೆಂಡತಿ ಅರ್ಜಿದಾರಳಾದರೆ ತಾನು ವಾಸವಿರುವ ಊರಿನಲ್ಲೇ ಹಾಕಬಹುದು. ಗಂಡನಾದರೆ ಮದುವೆಯಾದ ಊರು, ಕೊನೆಯದಾಗಿ ಜೊತೆಗಿದ್ದ ಊರು ಅಥವಾ ಹೆಂಡತಿ ಇರುವ ಊರು ನೋಡಬೇಕು. ಹೆಂಡತಿ ಭಾರತದಿಂದ ಹೊರಗಿದ್ದರೆ ಅವನಿರುವ ಊರಿನಲ್ಲೂ ಆಗುತ್ತದೆ.

ಒಂದು ದೇಶದಲ್ಲಿ ಕೇಸು ಇದೆಯೆಂದು ಇನ್ನೊಂದು ದೇಶದ ಕೋರ್ಟಿನ ಕೈ ಕಟ್ಟಿದಂತಾಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 10ನೇ ಸೆಕ್ಷನ್ನಿನ ವಿವರಣೆಯೇ ಹಾಗೆಂದಿದೆ. ಗಂಡ ಅಲ್ಲಿ, ಹೆಂಡತಿ ಇಲ್ಲಿ ಎಂದು ಎರಡೂ ಕಡೆ ಕೇಸು ಓಡುವುದು ಅಪರೂಪವೇನಲ್ಲ. ಇಬ್ಬರ ಉಳಿತಾಯವೂ ಕರಗುವುದು ಇಲ್ಲೇ.

ಹಣ, ಮನೆ, ನಿವೃತ್ತಿ ಖಾತೆ

ಈ ವಿಷಯದಲ್ಲಿ ಆಯ್ಕೆ ಸ್ಪಷ್ಟ. ಮದುವೆಯ ಕಾಲದಲ್ಲಿ ಗಳಿಸಿದ್ದನ್ನು ಇಬ್ಬರ ನಡುವೆ ಹಂಚುವ ಕಾನೂನು ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್‌ನಲ್ಲಿ ಅದು ಇಬ್ಬರ ಸಮುದಾಯ ಸ್ವತ್ತು. ನ್ಯೂಜೆರ್ಸಿ, ನ್ಯೂಯಾರ್ಕ್‌ನಲ್ಲಿ ನ್ಯಾಯಸಮ್ಮತ ಹಂಚಿಕೆ. ಭಾರತದಲ್ಲಿ ಅಂಥ ಕಾನೂನೇ ಇಲ್ಲ. ಜೀವನಾಂಶ ಇದೆ, ಸ್ತ್ರೀಧನ ಇದೆ, ಗಂಡನ ಹೆಸರಿನ ಮನೆಯಲ್ಲಿ ಅರ್ಧ ಪಾಲು ಎಂಬುದಿಲ್ಲ. 401ಕೆ ಎಂಬ ನಿವೃತ್ತಿ ಖಾತೆಯನ್ನು ಒಡೆಯಲು ಅಮೆರಿಕದ ರಾಜ್ಯ ಕಾನೂನಿನಡಿ ಹೊರಡುವ ವಿಶೇಷ ಆದೇಶ ಬೇಕು, ಅದನ್ನು ಅಲ್ಲಿ ಕ್ವಾಡ್ರೊ ಅನ್ನುತ್ತಾರೆ. ಭಾರತದ ಕೋರ್ಟ್ ಆದೇಶ ಹಿಡಿದು ಹೋದರೆ ಖಾತೆ ನಡೆಸುವವರು ವಾಪಸು ಕಳಿಸುತ್ತಾರೆ. ಮಗುವಿನ ಖರ್ಚನ್ನು ಸಂಬಳದಿಂದಲೇ ಮುರಿದು ಕಟ್ಟಿಸುವ ವ್ಯವಸ್ಥೆಯೂ ಅಲ್ಲಿನ ಆದೇಶಕ್ಕೆ ಮಾತ್ರ ಸಲೀಸು.

ಇದಕ್ಕೆ ತಿರುಗುಮುರುಗಾದದ್ದು ಭಾರತದ ಸೈಟು, ಫ್ಲ್ಯಾಟು, ಜಮೀನು. ಅಮೆರಿಕದ ತೀರ್ಪಿನಿಂದ ಅವುಗಳ ಖಾತೆ ಬದಲಾಗುವುದಿಲ್ಲ. ಅಮೆರಿಕ ಪರಸ್ಪರ ಮಾನ್ಯತೆಯ ದೇಶಗಳ ಪಟ್ಟಿಯಲ್ಲಿಲ್ಲ. ಅಲ್ಲಿನ ಹಣದ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿ ಮಾಡಿಸಲಾಗದು, ಅದರ ಆಧಾರದ ಮೇಲೆ ಮೂರು ವರ್ಷದೊಳಗೆ ಹೊಸ ದಾವೆ ಹೂಡಬೇಕು. ಹೀಗಾಗಿ ಭಾರತದ ಆಸ್ತಿ ಇದ್ದರೆ ಅದರ ಬೆಲೆಯನ್ನು ಅಮೆರಿಕದ ಲೆಕ್ಕದಲ್ಲೇ ಸರಿದೂಗಿಸಿಕೊಂಡು, ಆಸ್ತಿಯನ್ನು ಮುಟ್ಟದಿರುವುದು ವಾಸಿ.

ಮಗು

ಮಗುವಿದ್ದರೆ ಮಿಕ್ಕ ಲೆಕ್ಕವೆಲ್ಲ ಇದರ ಹಿಂದೆ. ಅಮೆರಿಕದ ಹೆಚ್ಚುಕಡಿಮೆ ಎಲ್ಲಾ ರಾಜ್ಯಗಳಲ್ಲಿ, ಮ್ಯಾಸಚೂಸೆಟ್ಸ್ ಒಂದನ್ನು ಬಿಟ್ಟು, ಒಂದೇ ಮಾದರಿಯ ಕಸ್ಟಡಿ ಕಾಯ್ದೆ ಇದೆ. ಕೇಸು ಹಾಕುವ ಮುಂಚಿನ ಆರು ತಿಂಗಳು ಸತತವಾಗಿ ಮಗು ಎಲ್ಲಿತ್ತೋ ಅದೇ ಅದರ ತವರು ರಾಜ್ಯ. ಈ ಲೆಕ್ಕಕ್ಕೆ ಹೊರದೇಶವನ್ನೂ ಒಂದು ರಾಜ್ಯದಂತೆಯೇ ನೋಡುತ್ತಾರೆ. ತಾಯಿ ಮಗುವನ್ನು ಭಾರತಕ್ಕೆ ಕರೆದೊಯ್ದರೆ, ತಂದೆ ಇನ್ನೂ ಅಲ್ಲೇ ಇದ್ದರೆ, ಮಗು ಹೊರಟ ಆರು ತಿಂಗಳೊಳಗೆ ಅಲ್ಲಿ ಕಸ್ಟಡಿ ಅರ್ಜಿ ಹಾಕಬೇಕು. ಹಾಕಿದರೆ ಆ ರಾಜ್ಯದ ಅಧಿಕಾರ ಉಳಿಯುತ್ತದೆ. ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಏಳನೇ ತಿಂಗಳವರೆಗೆ ಕಾದರೆ ಅಧಿಕಾರ ಭಾರತದ್ದು ಎಂಬ ವಾದಕ್ಕೆ ಬಲ ಬರುತ್ತದೆ. ಮಗುವನ್ನು ಒಂದು ಶಾಲಾ ವರ್ಷಕ್ಕೆಂದು ಅಜ್ಜಿಯ ಮನೆಯಲ್ಲಿ ಬಿಟ್ಟು ಬಂದವರೂ ಇದೇ ಲೆಕ್ಕಕ್ಕೆ ಸಿಕ್ಕುವ ಅಪಾಯವಿದೆ.

ಮಕ್ಕಳನ್ನು ವಾಪಸು ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದ್ದರಿಂದ ಅಮೆರಿಕದ ಕಸ್ಟಡಿ ಆದೇಶ ಇದ್ದರೂ ಮಗು ತಾನಾಗಿ ಹಿಂದಿರುಗುವುದಿಲ್ಲ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ತರಿಸುವ ಅರ್ಜಿ, ಹಾಕಬೇಕು. ವಿದೇಶಿ ಆದೇಶ ಹಲವು ಅಂಶಗಳಲ್ಲಿ ಒಂದು, ಮಗುವಿನ ಹಿತವೇ ಮೊದಲು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2020ರಲ್ಲಿ ಒಂದು ಮಗುವನ್ನು ಅಮೆರಿಕಕ್ಕೆ ಕರೆದೊಯ್ಯುವಂತೆ ತಾಯಿಗೆ ಹೇಳಿತು. 2022ರಲ್ಲಿ ಕರ್ನಾಟಕ ಹೈಕೋರ್ಟಿನಿಂದ ಹೋದ ಪ್ರಕರಣವೊಂದರಲ್ಲೂ ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಗುವನ್ನು ಅಲ್ಲಿಗೇ ಕಳಿಸಲು ಆದೇಶಿಸಿತು. ಭಾರತಕ್ಕೆ ಬಂದುಬಿಟ್ಟರೆ ಗೆದ್ದಂತೆ ಎಂಬ ಸಲಹೆ ಈಗಲೂ ಸಿಗುತ್ತದೆ, ಅದನ್ನು ನಂಬಬೇಡಿ. ಅಮೆರಿಕದಲ್ಲಿ 16 ವರ್ಷದೊಳಗಿನ ಮಗುವನ್ನು ಇನ್ನೊಬ್ಬ ಪಾಲಕರ ಹಕ್ಕಿಗೆ ಅಡ್ಡಿಯಾಗುವಂತೆ ದೇಶದಿಂದ ಒಯ್ಯುವುದು 1993ರ ಕಾಯ್ದೆಯಡಿ ಅಪರಾಧ, ಮೂರು ವರ್ಷದವರೆಗೆ ಜೈಲು. ವಾರಂಟ್ ಹೊರಟರೆ ಆಮೇಲೆ ತಾಯಿಯೋ ತಂದೆಯೋ ಅಮೆರಿಕಕ್ಕೆ ಕಾಲಿಡುವುದೇ ಕಷ್ಟ.

ತಡೆಯುವುದು ಹೇಗೆ? 16 ವರ್ಷದೊಳಗಿನ ಮಗುವಿನ ಅಮೆರಿಕದ ಪಾಸ್‌ಪೋರ್ಟ್‌ಗೆ ಇಬ್ಬರ ಒಪ್ಪಿಗೆ ಬೇಕು. ಒಬ್ಬರು ಬರಲಾಗದಿದ್ದರೆ ಡಿಎಸ್-3053 ಫಾರ್ಮಿನಲ್ಲಿ ನೋಟರಿ ಸಹಿ. ಮಗುವಿನ ಹೆಸರಲ್ಲಿ ಅರ್ಜಿ ಬಂದರೆ ತಿಳಿಸಿ ಎಂದು ಅಲ್ಲಿನ ವಿದೇಶಾಂಗ ಇಲಾಖೆಯ ಎಚ್ಚರಿಕೆ ಪಟ್ಟಿಗೆ ಸೇರಿಸಬಹುದು. ಆದರೆ ಪಾಸ್‌ಪೋರ್ಟ್ ಈಗಾಗಲೇ ಕೈಯಲ್ಲಿದ್ದರೆ ಈ ಪಟ್ಟಿಯಿಂದ ಪ್ರಯೋಜನವಿಲ್ಲ, ಏಕೆಂದರೆ ಅಮೆರಿಕದಿಂದ ಹೊರಡುವಾಗ ವಲಸೆ ತಪಾಸಣೆಯ ಕೌಂಟರ್ ಇಲ್ಲ. ಕೋರ್ಟ್ ಆದೇಶವೇ ಬೇಕು.

ಆ ಆದೇಶದಲ್ಲಿ 'ಬೇಸಿಗೆ ರಜೆಯಲ್ಲಿ ಭಾರತಕ್ಕೆ ಹೋಗಬಹುದು' ಎಂದಷ್ಟೇ ಇದ್ದರೆ ಸಾಲದು. ಹೊರಡುವ ಮತ್ತು ಹಿಂದಿರುಗುವ ದಿನಾಂಕ, ಎಷ್ಟು ದಿನ ಮೊದಲು ಟಿಕೆಟ್ ಪ್ರತಿ ಕೊಡಬೇಕು, ಉಳಿಯುವ ವಿಳಾಸ, ಪ್ರಯಾಣ ಇಲ್ಲದಾಗ ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗೆ ಭಾರತ ಕೊಡುವ ಕಾರ್ಡ್) ಯಾರ ಬಳಿ, ವಾರಕ್ಕೆ ಎಷ್ಟು ವಿಡಿಯೊ ಕರೆ, ಹಿಂದಿರುಗದಿದ್ದರೆ ಮುಟ್ಟುಗೋಲಾಗುವ ಠೇವಣಿ ಎಷ್ಟು, ಮಗುವಿನ ತವರು ರಾಜ್ಯ ಯಾವುದು — ಇಷ್ಟೂ ಬರಹದಲ್ಲಿರಬೇಕು. ದೀರ್ಘ ವಾಸವಾದರೆ ಇದೇ ಷರತ್ತುಗಳ ಪ್ರತಿಬಿಂಬ ಆದೇಶವನ್ನು ಭಾರತದ ಕೋರ್ಟಿನಿಂದ ಮೊದಲೇ ಪಡೆಯಿರಿ. ಖರ್ಚಿನದು, ಆದರೆ ಹೇಬಿಯಸ್ ಕಾರ್ಪಸ್‌ಗಿಂತ ಅಗ್ಗ.

ವೀಸಾ: ಡಿಕ್ರಿಯ ದಿನಾಂಕ

ಎಚ್-1ಬಿ ಇರುವವರಿಗೆ ಡೈವೋರ್ಸ್‌ನಿಂದ ವೀಸಾಕ್ಕೆ ಏನೂ ಆಗದು. ಎಚ್-4 ಇರುವವರ ಸ್ಟೇಟಸ್, ಅಂದರೆ ಅಲ್ಲಿ ಉಳಿಯುವ ಕಾನೂನು ಹಕ್ಕು, ಮಾತ್ರ ಡಿಕ್ರಿ ಅಂತಿಮವಾದ ದಿನವೇ ಮುಗಿಯುತ್ತದೆ. ಕೆಲಸ ಹೋದವರಿಗೆ ಸಿಗುವ 60 ದಿನದ ಗಡುವು ಇದಕ್ಕಿಲ್ಲ. ಎಲ್ಲಿಯವರೆಗೆ ಉಳಿಯಬಹುದೆಂದು ಹೇಳುವ ಐ-94 ದಾಖಲೆಯಲ್ಲಿ ಇನ್ನೂ ಎರಡು ವರ್ಷ ಇದೆ, ಕೆಲಸದ ಅನುಮತಿಯ ಇಎಡಿ ಕಾರ್ಡಿನಲ್ಲೂ ದಿನಾಂಕ ಇದೆ ಎಂದು ಕೂರುವಂತಿಲ್ಲ. ಕೆಲಸ ಮಾಡುವ ಹಕ್ಕೂ ಅದರ ಜೊತೆಗೇ ಹೋಯಿತು. ಡಿಕ್ರಿ ಭಾರತದ್ದಾದರೂ ಪರಿಣಾಮ ಇದೇ. ಬೆಂಗಳೂರಿನಲ್ಲಿ 13ಬಿ ಮುಗಿಸಿದರೆ ಅಮೆರಿಕಕ್ಕೆ ಲೆಕ್ಕವಿಲ್ಲ ಅಂದುಕೊಂಡು ಎಚ್-4ನಲ್ಲೇ ಮುಂದುವರಿದರೆ ಮುಂದಿನ ಅರ್ಜಿಯಲ್ಲಿ ಅದು ಹೊರಬರುತ್ತದೆ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಹೊಸ ಸ್ಟೇಟಸ್‌ನ ಅರ್ಜಿ, ಆಮೇಲೆ ಡಿಕ್ರಿ. ಸ್ಟೇಟಸ್ ಬದಲಿಸುವ ಐ-539 ಅರ್ಜಿ ಡಿಕ್ರಿಗೆ ಮುಂಚೆ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ತಲುಪಿರಬೇಕು. ಓದುವುದಾದರೆ ವಿದ್ಯಾರ್ಥಿಗಳ ಎಫ್-1. ಅದಕ್ಕೆ ಕಾಲೇಜು ಕೊಡುವ ಪ್ರವೇಶದ ಪತ್ರವಾದ ಐ-20 ಬೇಕು, ಹಣದ ಪುರಾವೆ ಬೇಕು. ಆ ಪುರಾವೆಗೆ ಗಂಡನ ಬ್ಯಾಂಕ್ ಖಾತೆ ತೋರಿಸಿದರೆ ಅರ್ಜಿ ಅಲ್ಲೇ ಎಡವುತ್ತದೆ. ತವರಿನವರ ಅಥವಾ ಸ್ವಂತ ಹಣ ತೋರಿಸಿ. ಕಸ್ಟಡಿ ವಿಚಾರಣೆ ಮುಗಿಯುವವರೆಗೆ ಉಳಿಯಬೇಕೆಂದರೆ ಸಂದರ್ಶಕರ ಬಿ-2. ಅದು ಒಂದು ಬಾರಿಗೆ ಸಾಮಾನ್ಯವಾಗಿ ಆರು ತಿಂಗಳು, ಕೆಲಸ ಮಾಡುವಂತಿಲ್ಲ. ಹಿಂದೆ ಎಚ್-1ಬಿ ಲಾಟರಿಯಲ್ಲಿ ಎಣಿಕೆಯಾಗಿದ್ದವರು ಮತ್ತೆ ಲಾಟರಿಗೆ ನಿಲ್ಲದೆ ಉಳಿದ ಅವಧಿಯನ್ನು ಬಳಸಿಕೊಳ್ಳಬಹುದು. ಎಚ್-4ನಲ್ಲಿ ಕಳೆದ ವರ್ಷಗಳು ಎಚ್-1ಬಿಯ ಆರು ವರ್ಷದ ಮಿತಿಯಲ್ಲಿ ಎಣಿಕೆಯಾಗುವುದಿಲ್ಲ. ಮಗು ಭಾರತದಲ್ಲಿ ಹುಟ್ಟಿ ಎಚ್-4ನಲ್ಲಿದ್ದರೆ ಕಸ್ಟಡಿ ತಾಯಿಗೆ ಬಂದರೂ ಅದರ ಸ್ಟೇಟಸ್ ತಂದೆಯ ಎಚ್-1ಬಿಯನ್ನೇ ಅವಲಂಬಿಸಿರುತ್ತದೆ.

ಸಮಯ ಬೇಕಾದರೆ ಕೆಲವು ರಾಜ್ಯಗಳಲ್ಲಿ ಲೀಗಲ್ ಸೆಪರೇಷನ್ ಇದೆ. ಹಣ, ಕಸ್ಟಡಿ ಎಲ್ಲ ತೀರ್ಮಾನವಾಗುತ್ತದೆ, ಮದುವೆ ಮಾತ್ರ ಕಾಗದದಲ್ಲಿ ಉಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ವಾಸದ ಅವಧಿಯ ಷರತ್ತೂ ಇಲ್ಲ. ಟೆಕ್ಸಾಸ್‌ನಲ್ಲಿ ಈ ವ್ಯವಸ್ಥೆಯೇ ಇಲ್ಲ. ವಲಸೆ ವಕೀಲರನ್ನು ಕೇಳಿಯೇ ಇದಕ್ಕೆ ಕೈ ಹಾಕಿ, ಡೈವೋರ್ಸ್ ವಕೀಲರಿಗೆ ವೀಸಾ ಕಾನೂನು ಗೊತ್ತಿರುತ್ತದೆ ಎಂದು ನಂಬಬೇಡಿ.

ಗ್ರೀನ್ ಕಾರ್ಡಿನ ಹಂತದಲ್ಲಿದ್ದವರಿಗೆ ಲೆಕ್ಕ ಬೇರೆ. ಗಂಡನ ಉದ್ಯೋಗದ ಮೇಲೆ ಹಾಕಿದ ಐ-485 (ಗ್ರೀನ್ ಕಾರ್ಡ್ ಅರ್ಜಿ) ಬಾಕಿ ಇರುವಾಗ ಡಿಕ್ರಿ ಆದರೆ ಹೆಂಡತಿಯ ಅರ್ಜಿ ಬಿದ್ದುಹೋಗುತ್ತದೆ. ಕಾರ್ಡು ಕೈಗೆ ಬಂದ ಮೇಲೆ ಆದರೆ, ಮದುವೆ ನಿಜದ್ದಾಗಿದ್ದರೆ, ಏನೂ ಆಗದು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಎರಡು ವರ್ಷದ ಷರತ್ತಿನ ಕಾರ್ಡು ಪಡೆದವರು ಡೈವೋರ್ಸ್ ಆದ ಮೇಲೆ ಆ ಷರತ್ತು ತೆಗೆಸುವ ಐ-751 ಅರ್ಜಿಯನ್ನು ಜಂಟಿ ಸಹಿಯಿಲ್ಲದೆ, ವಿನಾಯಿತಿ ಕೋರಿ ಒಬ್ಬರೇ ಹಾಕಬಹುದು. ಒಟ್ಟಿಗೆ ಬಾಳಿದ್ದರ ಪುರಾವೆ, ಅಂದರೆ ಬಾಡಿಗೆ ಕರಾರು, ಜಂಟಿ ಖಾತೆ, ತೆರಿಗೆ ರಿಟರ್ನ್, ಮನೆ ಬಿಡುವ ಮುಂಚೆಯೇ ನಕಲು ಮಾಡಿಟ್ಟುಕೊಳ್ಳಿ.

ಹಿಂಸೆ ಇದ್ದರೆ ಮೇಲಿನ ಯಾವ ಲೆಕ್ಕಕ್ಕೂ ಕಾಯಬೇಡಿ. ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರ ಸಂಗಾತಿ ಐ-360 ಫಾರ್ಮಿನಲ್ಲಿ ಗ್ರೀನ್ ಕಾರ್ಡಿಗೆ ದಾರಿಯಾಗುವ ಅರ್ಜಿಯನ್ನು ತಾವೇ ಹಾಕಬಹುದು, ಡೈವೋರ್ಸ್ ಆಗಿ ಎರಡು ವರ್ಷದವರೆಗೂ. ಎಚ್-1ಬಿ ಗಂಡನ ಎಚ್-4 ಹೆಂಡತಿಗೆ ಆ ದಾರಿ ಇಲ್ಲ. ಅವಳಿಗೆ ಐ-765ವಿ ಫಾರ್ಮಿನ ಮೂಲಕ ಕೆಲಸದ ಅನುಮತಿ ಕೇಳುವ ದಾರಿಯಿದೆ. ಪೊಲೀಸರಿಗೆ ದೂರು ಕೊಟ್ಟು ತನಿಖೆಗೆ ಸಹಕರಿಸಿದ್ದರೆ ಅಪರಾಧಕ್ಕೆ ಬಲಿಯಾದವರಿಗೆ ಕೊಡುವ ಯು ವೀಸಾ. ಯು ವೀಸಾ ವರ್ಷಕ್ಕೆ 10,000 ಮಾತ್ರ, ಸರದಿ ಬಹಳ ಉದ್ದ, ಆದರೂ ಅರ್ಜಿ ಹಾಕಿಡಬೇಕು. ನಿಮ್ಮ ಪಾಸ್‌ಪೋರ್ಟ್, ವೀಸಾ ಅರ್ಜಿಯ ಐ-797 ನೋಟಿಸು, ಮದುವೆ ಪ್ರಮಾಣಪತ್ರ, ಮಗುವಿನ ಜನನ ಪತ್ರದ ಪ್ರತಿಗಳು ಬೇರೊಂದು ಇಮೇಲ್ ಖಾತೆಯಲ್ಲಿರಲಿ. ರಜೆಗೆಂದು ಭಾರತಕ್ಕೆ ಕರೆತಂದು, ಕಾಗದಪತ್ರ ಕಿತ್ತುಕೊಂಡು ಬಿಟ್ಟುಹೋಗುವುದು ಹಳೆಯ ತಂತ್ರ. ಹಾಗಾದರೆ ಅಮೆರಿಕದ ಕಸ್ಟಡಿ ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಿ, ಹಾಜರಾತಿ ತಪ್ಪಿಸಬೇಡಿ.

ಯಾರಿಗೆ ಯಾವುದು

ಮಗು ಇಲ್ಲ, ಅಮೆರಿಕದಲ್ಲಿ ಹೇಳಿಕೊಳ್ಳುವ ಆಸ್ತಿ ಇಲ್ಲ, ಇಬ್ಬರೂ ಒಪ್ಪಿದ್ದಾರೆ, ಒಬ್ಬರಾದರೂ ಊರಿಗೆ ಮರಳುವವರಿದ್ದಾರೆ: ಭಾರತದ 13ಬಿ. ಎರಡೂ ದೇಶಗಳಲ್ಲಿ ತಕರಾರು ಕಡಿಮೆ, ಮರುಮದುವೆಗೂ ನೇರ.

ಮಗು ಅಮೆರಿಕದಲ್ಲೇ ಬೆಳೆಯುತ್ತಿದೆ, ಮನೆ, ಷೇರು, 401ಕೆ ಅಲ್ಲೇ ಇದೆ: ಅಮೆರಿಕ. ಆದಷ್ಟೂ ಒಪ್ಪಿಗೆಯ ಡಿಕ್ರಿ, ಮೇಲೆ ಹೇಳಿದ ನಾಲ್ಕು ಸಾಲಿನೊಂದಿಗೆ. ಒಪ್ಪಿಗೆ ಸಿಗದೆ ಒಬ್ಬರೇ ಹಾಕಬೇಕಾಗಿ ಬಂದರೂ ಮಗುವಿಗಾಗಿ ಅಲ್ಲೇ ಹಾಕಿ, ಭಾರತದ ಭಾಗಕ್ಕೆ ಇಲ್ಲಿ ಬೇರೆ ಅರ್ಜಿ ಬೇಕಾಗಬಹುದೆಂದು ಮೊದಲೇ ಲೆಕ್ಕ ಇಟ್ಟುಕೊಳ್ಳಿ.

ಎಚ್-4ನಲ್ಲಿರುವವರು, ಕೋರ್ಟು ಯಾವುದೇ ಆಗಲಿ, ಡಿಕ್ರಿಯ ದಿನಾಂಕದ ಮೇಲೆ ಹಿಡಿತ ಬಿಟ್ಟುಕೊಡಬಾರದು. ರಾಜಿ ಕರಾರಿನಲ್ಲೇ 'ಸ್ಟೇಟಸ್ ಅರ್ಜಿ ದಾಖಲಾದ ರಸೀದಿ ಬರುವವರೆಗೆ ಅಂತಿಮ ಡಿಕ್ರಿ ಕೋರುವುದಿಲ್ಲ' ಎಂದು ಸೇರಿಸಿಕೊಳ್ಳಿ. ಎದುರಿನವರಿಗೂ ಇದರಿಂದ ನಷ್ಟವಿಲ್ಲ, ಸಾಮಾನ್ಯವಾಗಿ ಒಪ್ಪುತ್ತಾರೆ.

ಅಮೆರಿಕದ ಡಿಕ್ರಿ ಬಂದ ಮೇಲೆ ಕೋರ್ಟಿನ ದೃಢೀಕೃತ ಪ್ರತಿಗಳನ್ನು ಮೂರಾದರೂ ತೆಗೆದು, ಒಂದಕ್ಕೆ ಕೂಡಲೇ ಅಪೊಸ್ಟಿಲ್ ಮಾಡಿಸಿ. ಮುಂದೆ ಭಾರತದಲ್ಲಿ ಯಾರಾದರೂ ಆ ಡಿಕ್ರಿಯನ್ನು ಪ್ರಶ್ನಿಸಿದರೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಸೆಕ್ಷನ್ನಿನಡಿ ವೈವಾಹಿಕ ಸ್ಥಿತಿಯ ಘೋಷಣೆ ಕೋರುವಾಗ ಬೇಕಾಗುವುದು ಆ ಪ್ರತಿ, ಸಮನ್ಸ್ ಸ್ವೀಕರಿಸಿದ ಸಹಿ ಮತ್ತು ಒಪ್ಪಿಗೆಯ ಕರಾರು, ಮೂರೂ ಒಟ್ಟಿಗೆ.